ಶಶಾಂಕನನ್ನು ಹುಡುಕಿಕೊಂಡು ಬಂದವನು

ರಘೋತ್ತಮನನ್ನು ನಾನು ಮೊದಲು ಕಂಡದ್ದು ರಾಣೆಬೆನ್ನೂರಿನಲ್ಲಿ, ನಮ್ಮ ಹೈಸ್ಕೂಲಿನ ಶಿಕ್ಷಕರ ಕೊಠಡಿಯಲ್ಲಿ. ೧೯೮೬ನೆಯ ಇಸವಿ, ದಸರೆಯ ರಜೆ ಮುಗಿದು ಶಾಲೆ ಆಗತಾನೇ ಮತ್ತೆ ಆರಂಭವಾಗಿತ್ತು. ನಾನು ಸಮಾಸದ ಪಾಠ ಮುಗಿಸಿ, ಕೈಗೆ ಹತ್ತಿದ ಸೀಮೆಸುಣ್ಣವನ್ನು ಝಾಡಿಸಿಕೊಳ್ಳುತ್ತ ಬಂದಾಗ ಬಾಗಿಲ ಬಳಿಯ ಬಾಕಿನ ಮೇಲೆ ಒಬ್ಬ ಮನುಷ್ಯನು ಕುಳಿತಿದ್ದನು. ಮೂವತ್ತೈದರ ಆಸುಪಾಸಿನ ವಯಸ್ಸು, ತೆಳ್ಳನೆಯ ಮೈ, ತೊಡೆಯ ಮೇಲೆ ಮಡಿಸಿದ ಕೊಡೆ. ಎರಡೂ ತೋರುಬೆರಳುಗಳ ತುದಿಗಳು ಮಸಿಯಿಂದ ಕಪ್ಪಾಗಿದ್ದವು.

"ನಮಸ್ಕಾರ್ರೀ ಮಾಸ್ತರ. ಒಂದು ಖಾಸಗಿ ಮಾತಿತ್ತು."

"ಹೇಳ್ರಿ."

ಡ್ರಾಯಿಂಗ್ ಮಾಸ್ತರರು ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಅವರತ್ತ ಒಮ್ಮೆ ನೋಡಿ, ದನಿಯನ್ನು ತಗ್ಗಿಸಿ ಕೇಳಿದನು: "ನಿಮ್ಮ ಸಾಲ್ಯಾಗ ಒಂದು ಹತ್ತು ಹನ್ನೆರಡು ವರ್ಷದ ಹಿಂದ ಶಶಾಂಕ ಅಂತ ಹುಡುಗ ಇದ್ದನೇನ್ರೀ?"

"ಅಡ್ಡಹೆಸರೇನು?"

"ಅದನ್ನ ಆಕಿ ಬರದಿಲ್ಲ. ಎತ್ತರಕ್ಕ ಇದ್ದಾನ. ಗುಂಗುರು ಕೂದಲಾ. ಎಡಗಲ್ಲದ ಮ್ಯಾಲೆ ಒಂದು ಮಚ್ಚಿ. ಮಾತು ಕಡಿಮಿ, ಆಡಿದರ ಮಂದಿ ಮನಿಗೆ ಹೋಗಿ ನೆನಸಬೇಕು, ಹಂಗ ಆಡ್ತಾನ. ಸಕ್ಕರಿ ಇಲ್ಲದ ಚಹಾ ಕುಡೀತಾನ."

ನನಗೆ ನಗೆ ತಡೆಯಲಾಗಲಿಲ್ಲ. "ನಮ್ಮ ಸಾಲ್ಯಾಗ ಗುಡ್ಡಪ್ಪ ಇದ್ದಾನ, ಉಡಚಪ್ಪ ಇದ್ದಾನ, ನಾಸೀರ ಇದ್ದಾನ. ಶಶಾಂಕ ಅನ್ನೋ ಹೆಸರು ಈ ಊರಾಗ ಯಾವ ತೊಟ್ಟಿಲದಾಗೂ ಕರದದ್ದು ನಾ ಕೇಳಿಲ್ಲ. ಮತ್ತ ಡಾಕ್ಟರು ಹೇಳಲಾರದ ಸಕ್ಕರಿ ಬಿಟ್ಟ ಚಹಾ ರಾಣೆಬೆನ್ನೂರಾಗ ಯಾರು ಕುಡೀತಾರ್ರೀ?"

ಅವನು ನಗಲಿಲ್ಲ. ಕೊಡೆಯ ಹಿಡಿಯನ್ನು ತಿರುವುತ್ತ, "ನಲಿನಿ ಅಂತ ನಿಮ್ಮ ಕೈಯಾಗ ಕಲ್ತಾಕಿ. ಕಾದಂಬರಿ ಬರೀತಾಳಲ್ಲ. ನಾ ಆಕಿ ಗಂಡ" ಎಂದನು.

ಆಗ ನನಗೆ ಎಲ್ಲವೂ ಹೊಳೆಯಿತು. ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ ನಲಿನಿಯ ಕಾದಂಬರಿಯು ಧಾರಾವಾಹಿಯಾಗಿ ಬರುತ್ತಿತ್ತು. ನಮ್ಮ ಮನೆಯಲ್ಲಿಯೂ ಗುರುವಾರ ಬಂದಿತೆಂದರೆ ಪತ್ರಿಕೆಯು ನನ್ನ ಹೆಂಡತಿಯ ಕೈಯಿಂದ ನನ್ನ ಕೈಗೆ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಅದರಲ್ಲಿ ವಾಸಂತಿ ಎಂಬ ಹುಡುಗಿಯು ನಾಯಿಕೆ, ಶಶಾಂಕ ಎಂಬವನು ನಾಯಕ. ಆ ಕಾಗದದ ನಾಯಕನು ತನ್ನ ಹೆಂಡತಿಯ ಹಳೆಯ ಸಹಪಾಠಿಯೇ ಇರಬೇಕೆಂಬ ಸಂಶಯದಿಂದ, ಟೈಪ್‌ರೈಟರಿನ ರಿಬ್ಬನ್ ಕೊಳ್ಳುವ ನೆಪ ಹೇಳಿ, ಈ ಮನುಷ್ಯನು ಹಾವೇರಿಯಿಂದ ಬಸ್ಸು ಹತ್ತಿ ನನ್ನ ಬಳಿಗೆ ಬಂದಿದ್ದನು.

ಅವನು ನನಗಿಂತ ಸಾಕಷ್ಟು ಚಿಕ್ಕವನು. ನನ್ನ ಶಿಷ್ಯೆಯ ಗಂಡನಾದುದರಿಂದ ಅಳಿಯನ ಸಲಿಗೆಯೂ ಬೆಳೆಯಿತು. ಆದುದರಿಂದ ಇಲ್ಲಿ ಏಕವಚನದಲ್ಲಿಯೇ ಬರೆಯುತ್ತಿದ್ದೇನೆ. ಅದು ಪ್ರೀತಿಯ ಏಕವಚನ.

ರಘೋತ್ತಮನು ಹಾವೇರಿಯ ಕೋರ್ಟಿನ ಕಂಪೌಂಡಿನ ಹೊರಗೆ, ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕನ್ನಡದಲ್ಲಿ ಟೈಪು ಮಾಡುತ್ತಿದ್ದನು. ಹೊಲದ ತಕರಾರು, ಅಣ್ಣತಮ್ಮಂದಿರ ಪಾಲಿನ ಅರ್ಜಿ, ಪೊಲೀಸರ ಪಂಚನಾಮೆಯ ನಕಲು, ಗಂಡನ ಮೇಲೆ ಹೆಂಡತಿಯ ಫಿರ್ಯಾದಿ ಇವೇ ಅವನ ನಿತ್ಯದ ಸಾಹಿತ್ಯ. ಹಗಲೆಲ್ಲ ಜಗಳವನ್ನು ಟೈಪು ಮಾಡಿದವನು ಸಂಜೆ ಮನೆಗೆ ಬಂದು ಹೆಂಡತಿಯ ಕಾದಂಬರಿಯನ್ನು ಟೈಪು ಮಾಡುತ್ತಿದ್ದನು. ನಲಿನಿಯ ಅಕ್ಷರವು ಕೋಳಿ ಕೆದರಿದಂತೆ. ಅದನ್ನು ಓದಬಲ್ಲವರು ಇಬ್ಬರೇ: ಹಿಂದೆ ಅವಳ ಉತ್ತರಪತ್ರಿಕೆಗಳನ್ನು ತಿದ್ದಿದ ನಾನು, ಈಗ ಅವಳ ಗಂಡ.

ಶಾಲೆಯಲ್ಲಿಯೂ ಅವಳಿಗೆ ದುಃಖದ ಕೊನೆಗಳು ಸೇರುತ್ತಿರಲಿಲ್ಲ. ಪಾಠದ ಕೊನೆಗೆ ಬೇಟೆಗಾರನ ಬಾಣಕ್ಕೆ ಸತ್ತ ಜಿಂಕೆಯನ್ನು ಪರೀಕ್ಷೆಯ ಉತ್ತರದಲ್ಲಿ ಬದುಕಿಸಿ, ಅದಕ್ಕೊಂದು ಮರಿಯನ್ನೂ ಕೊಟ್ಟವಳು ಅವಳು. ಮದುವೆಯಾದ ಮೇಲೆ ಗ್ರಂಥಾಲಯದ ಕಾದಂಬರಿಗಳನ್ನು ಓದಿ ಓದಿ, "ಏನ್ರೀ ಇವು, ಎಲ್ಲಾರೂ ಕ್ಷಯ ಆಗಿ ಸಾಯ್ತಾರ. ಮುನ್ನೂರು ಪಾನು ಓದಿದವರಿಗೆ ಒಂದು ಹೋಳಿಗಿ ಬ್ಯಾಡೇನು ಕಡೀಕ?" ಎಂದು ತಾನೇ ಬರೆಯಲು ಕುಳಿತಳಂತೆ. ಮೊದಲ ಕಾದಂಬರಿಯನ್ನು ರಘೋತ್ತಮನು ಹಿಗ್ಗಿನಿಂದಲೇ ಟೈಪು ಮಾಡಿದನು. ಅದರ ನಾಯಕನು ಮುದುಕ ವಿಧುರ; ಅವನ ಮೇಲೆ ಯಾರಿಗೂ ಹೊಟ್ಟೆಕಿಚ್ಚು ಹುಟ್ಟುವಂತಿರಲಿಲ್ಲ. ಎರಡನೆಯದರಲ್ಲಿ ಈ ಶಶಾಂಕನು ಬಂದನು.

ಮೊದಲು ಕಿಡಿ ಹಚ್ಚಿದವನು ಪಕ್ಕದ ಮೇಜಿನ ಸ್ಟ್ಯಾಂಪ್ ವೆಂಡರ್ ಕೃಷ್ಣಾಜಿ. "ಏನೋ ರಘೋತ್ತಮಾ, ಮನ್ಯಾಗ ಗಂಡುಸವತಿ ಹೆಂಗಿದ್ದಾನ?" ಎಂದು ಕಕ್ಷಿದಾರರೆದುರಿಗೇ ಕೇಳುತ್ತಿದ್ದನು. "ಈ ವಾರ ನಿಮ್ಮನಿಯವರಿಗೆ ಮಲ್ಲಿಗಿ ತಂದಾನಂತಲ್ಲ!"

"ನಮ್ಮನಿಯವರಿಗಲ್ಲೋ, ವಾಸಂತಿಗೆ."

"ಬರದಾಕಿ ಯಾರಪಾ? ಮೂಗಿಗೆ ವಾಸನಿ ಬರಲಾರದ ಮಲ್ಲಿಗಿ ಬಗ್ಗೆ ಅಷ್ಟುದ್ದ ಬರೀಲಿಕ್ಕೆ ಬರ್ತದೇನು?"

ಇಂಥ ಮಾತುಗಳು ರಘೋತ್ತಮನ ಹೊಟ್ಟೆಯಲ್ಲಿ ಇಳಿದು ಅಲ್ಲಿಯೇ ಉಳಿದವು. ಶಶಾಂಕನು ಬಿಳಿಯ ಅಂಗಿಯವನೆಂದು ಬಂದ ವಾರದಿಂದ, ಜನ್ಮವಿಡೀ ಬಿಳಿಯನ್ನೇ ತೊಟ್ಟವನು ಬಿಳಿಯ ಅಂಗಿಗಳನ್ನೆಲ್ಲ ಟ್ರಂಕಿನ ತಳಕ್ಕೆ ಹಾಕಿ ಕಂದುಬಣ್ಣದವನ್ನು ಹೊಲಿಸಿಕೊಂಡನು. ಶಶಾಂಕನಿಗೆ ಸ್ಕೂಟರು ಇತ್ತು, ಇವನದು ಸೈಕಲ್ಲು; ರಸ್ತೆಯಲ್ಲಿ ಸ್ಕೂಟರು ಕಂಡರೆ ಓಡಿಸುವವನ ಗಲ್ಲವನ್ನು ನೋಡುತ್ತಿದ್ದನು. ಮನೆಯಲ್ಲಿ ಬಾಯಿ ಬಿಟ್ಟು ಏನನ್ನೂ ಕೇಳಲಿಲ್ಲ. ಚಹಾದಲ್ಲಿ ಸಕ್ಕರೆ ಕಡಿಮೆಯಾಗಿದೆಯೆಂದು ಮಾತ್ರ ದಿನಕ್ಕೊಮ್ಮೆ ರೇಗುತ್ತಿದ್ದನು.

ಆದರೆ ಇವೆಲ್ಲವುಗಳಿಗಿಂತ ಒಳಗಿನ ಮುಳ್ಳು ಬೇರೆಯಿತ್ತು. ಅದನ್ನು ಅವನು ನನ್ನೊಡನೆ ಬಸ್ ನಿಲ್ದಾಣಕ್ಕೆ ನಡೆದು ಹೋಗುವಾಗ ಹೇಳಿದನು.

ನಮ್ಮ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬಾಯಿಂದ ಆಡುವುದಿಲ್ಲ. ಮದುವೆಯಲ್ಲಿ ಹೊಸ್ತಿಲ ಬಳಿ ಅಡ್ಡಗಟ್ಟಿ ಹೆಸರು ಹೇಳೆಂದು ಕಾಡಿದಾಗ, ಒಂದು ಒಡಪು ಕಟ್ಟಿ, ಪ್ರಾಸದೊಳಗೆ ಹೆಸರನ್ನು ಅಡಗಿಸಿ ಹೇಳಿ ಒಳಗೆ ಓಡುತ್ತಾರೆ. ನಲಿನಿಯೂ ಹೇಳಿದ್ದಳು: "ಹಾವೇರಿ ಏಲಕ್ಕಿ, ಬ್ಯಾಡಗಿ ಖಾರ, ರಘೋತ್ತಮರಾಯರ ಹೆಸರು ನನ್ನ ಕೊರಳಿನ ಹಾರ."

"ಅವತ್ತ ಕಡೀದು, ಮಾಸ್ತರ" ಎಂದನು ರಘೋತ್ತಮ. "ಆಮ್ಯಾಲೆ ನಾ ಬರೇ 'ಏನ್ರೀ'. ಇರ್ಲಿ, ನಮ್ಮವ್ವನೂ ಹಂಗಽ ಕರೀತಿದ್ದಳು. ಆದರ ಆ ಶಶಾಂಕನ ಹೆಸರು ನೋಡ್ರಿ, ಒಂದೊಂದು ಪಾನಿಗೆ ಎಷ್ಟು ಸಲ ಬರೀತಾಳ! ಆಕಿ ಒಮ್ಮೆ ಬರದು ಮುಗಸ್ತಾಳ. ಅದನ್ನ ಒಂದೊಂದಽ ಅಕ್ಷರ ಬಡದು ಬಡದು ಟೈಪು ಮಾಡಾವ ನಾ. ಈ ಬೆರಳಿನಿಂದ. ನನ್ನ ಹೆಸರು ಒಂದು ಸಣ್ಣ ಪಾತ್ರಕ್ಕಾದರೂ ಇಟ್ಟಾಳೇನು? ಅಂಚೆಯವಗ? ಹಾಲು ಮಾರಾವಗ?"

ನಾನು ಸಮಾಧಾನದ ನಾಲ್ಕು ಮಾತು ಹೇಳಿ ಬಸ್ಸು ಹತ್ತಿಸಿದೆನು. ಅವನು ಕಿಟಕಿಯಿಂದ ತಲೆ ಹಾಕಿ, "ಬ್ಯಾರೆ ಸಾಲ್ಯಾಗೂ ಒಂದೀಟು ವಿಚಾರಿಸ್ರಿ" ಎಂದನು.

ಆ ಚಳಿಗಾಲ ಕಳೆದು ಬಿಸಿಲೇರುವ ಹೊತ್ತಿಗೆ ಬ್ಯಾಡಗಿಯಲ್ಲಿ ನಲಿನಿಯ ತಾಯಿ ಭಾಗೀರಥೀಬಾಯಿಯವರು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಗಂಡ ತೀರಿದ ಮೇಲೆ ಅವರು ಮಗನೊಡನೆ ಅಲ್ಲಿ ಇದ್ದರು. ಮಗನು ಮೆಣಸಿನಕಾಯಿಯ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಮನೆಯ ಹಿತ್ತಿಲಿಗೆ ಹತ್ತಿಯೇ ಅಂಗಡಿಯ ತಗಡಿನ ಶೆಡ್ಡು. ಸುಗ್ಗಿಯ ದಿನಗಳಲ್ಲಿ ಅಲ್ಲಿ ಹೆಂಗಸರು ಸಾಲಾಗಿ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಆರೈಕೆಗೆಂದು ಹೋದ ನಲಿನಿಯು ಮಧ್ಯಾಹ್ನ ತಾಯಿಗೆ ಜೊಂಪು ಹತ್ತಿದಾಗ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಅವರಿಗೆ ತನ್ನ ಕಾದಂಬರಿಯನ್ನು ಓದಿ ಹೇಳತೊಡಗಿದಳು. ಪ್ರತಿ ವಾರದ ಕಂತಿಗಾಗಿ ಆ ಹೆಂಗಸರು ಪತ್ರಿಕೆಯ ಬಸ್ಸನ್ನೇ ಕಾಯುತ್ತಿದ್ದರು.

ಕೊನೆಯ ಕಂತನ್ನು ಅವಳು ಅಲ್ಲಿಯೇ ಬರೆದು, ಟೈಪು ಮಾಡಿ ಪತ್ರಿಕೆಗೆ ಕಳಿಸಬೇಕೆಂದು ಹಾವೇರಿಗೆ ಹೋಗುವವರ ಕೈಯಲ್ಲಿ ಗಂಡನಿಗೆ ಮುಟ್ಟಿಸಿದಳು. ಅದರಲ್ಲಿ ಊರು ಬಿಟ್ಟು ಹೋಗಿದ್ದ ಶಶಾಂಕನು ವಾಸಂತಿಯ ಬಾಗಿಲಿಗೆ ಬರುತ್ತಾನೆ. ಅವಳು ಏನನ್ನೂ ಕೇಳುವುದಿಲ್ಲ. ಅವನ ಅಂಗಿಯ ಒಂದು ಗುಂಡಿಯು ಹರಿದಿರುವುದನ್ನು ನೋಡಿ, ಸೂಜಿದಾರ ತಂದು, ಎದೆಯ ಮೇಲಿನ ಆ ಗುಂಡಿಯನ್ನು ಹಚ್ಚುತ್ತಾಳೆ. ಅಷ್ಟೇ. ಕಾದಂಬರಿಯು ಅಲ್ಲಿ ಮುಗಿಯುತ್ತದೆ.

ಒಬ್ಬನೇ ಮನೆಯಲ್ಲಿ ಕುಳಿತು ರಘೋತ್ತಮನು ಅದನ್ನು ಓದಿದನು. ಅವನ ಅಂಗಿಗಳ ಗುಂಡಿಗಳನ್ನು ಬ್ರಹ್ಮಚಾರಿಯಾಗಿದ್ದಾಗಿನಿಂದಲೂ ಅವನೇ ಹಚ್ಚಿಕೊಳ್ಳುತ್ತಿದ್ದನು. ಆ ಪುಟವನ್ನು ಅವನ ಬೆರಳುಗಳು ಟೈಪು ಮಾಡಲು ಒಪ್ಪಲಿಲ್ಲ. ಅದರ ಬದಲು ಬೇರೊಂದನ್ನು ಮಾಡಿದವು. ಅದು ಅಂಚೆಗೆ ಬಿದ್ದಿತು. ಪತ್ರಿಕೆಯವರು ಬಂದದ್ದನ್ನು ಬಂದಂತೆ ಅಚ್ಚು ಹಾಕಿದರು.

ಆ ಗುರುವಾರ ಬ್ಯಾಡಗಿಯ ಶೆಡ್ಡಿನಲ್ಲಿ ಏನಾಯಿತೆಂಬುದನ್ನು ನನಗೆ ಹೇಳಿದವಳು ಅಲ್ಲಿ ಕೆಲಸ ಮಾಡುತ್ತಿದ್ದ ಫಕ್ಕೀರವ್ವ. ನಲಿನಿಯು ಪತ್ರಿಕೆಯನ್ನು ಬಿಚ್ಚಿ, ಗಂಟಲು ಸರಿಪಡಿಸಿಕೊಂಡು ಓದಲು ಆರಂಭಿಸಿದಳು. ಮೊದಲ ಅರ್ಧವು ಅವಳದೇ. ಆ ಮೇಲೆ ಹೀಗೆ ಬಂದಿತು:

"ಸದರಿ ಶಶಾಂಕನು ಹಾವೇರಿ ಗ್ರಾಮದ ಸರಹದ್ದಿನಲ್ಲಿ, ಪಿ.ಬಿ. ರಸ್ತೆಯ ಮೇಲೆ, ತನ್ನ ಸ್ಕೂಟರನ್ನು ಅತಿವೇಗ ಹಾಗೂ ನಿಷ್ಕಾಳಜಿಯಿಂದ ನಡೆಸಿಕೊಂಡು ಹೋಗಿ, ಎದುರಿನಿಂದ ಬಂದ ಲಾರಿಗೆ ಡಿಕ್ಕಿ ಹೊಡೆದು ಸ್ಥಳದಲ್ಲಿಯೇ ಮೃತನಾದನು. ಸದರಿಯವನಿಗೆ ವಾರಸುದಾರರು ಯಾರೂ ಇರುವುದಿಲ್ಲ. ಈ ಬಗ್ಗೆ ವಾಸಂತಿಯು ತನ್ನದೇನೂ ತಕರಾರು ಇಲ್ಲವೆಂದು ತಿಳಿಸಿರುತ್ತಾಳೆ."

"ಯವ್ವಾ, ಮುಂದ?" ಎಂದು ಯಾರೋ ಕೇಳಿದರು.

"ಮುಂದಿಲ್ಲ" ಎಂದಳು ನಲಿನಿ.

ಹೆಂಗಸರು ಕೈಯಲ್ಲಿದ್ದ ಮೆಣಸಿನಕಾಯಿಗಳನ್ನು ರಾಶಿಯ ಮೇಲೆ ಒಗೆದು ಎದ್ದರಂತೆ. ಸಕೀನಾಬಿ ಎಂಬವಳು ಸೆರಗಿನಿಂದ ಕಣ್ಣೊರಸಿಕೊಂಡು, ಸೆರಗಿಗೆ ಹತ್ತಿದ್ದ ಖಾರವು ಕಣ್ಣಿಗೆ ಹೋಗಿ ಇನ್ನಷ್ಟು ಅತ್ತಳಂತೆ. ನಲಿನಿಯು ಮಾತ್ರ ಅಳಲಿಲ್ಲ. 'ಸದರಿ' ಎಂಬ ಶಬ್ದವನ್ನು ಬರೆಯುವವರು ತನ್ನ ಬಳಗದಲ್ಲಿ ಒಬ್ಬರೇ ಎಂದು ಅವಳಿಗೆ ಗೊತ್ತಿತ್ತು. ತಾಯಿಯ ಕಾಲು ಕೂಡಿದ ಮೇಲೂ ಅವಳು ಹಾವೇರಿಗೆ ಹೋಗಲಿಲ್ಲ. ಇನ್ನು ಮೇಲೆ ಬರೆಯುವುದಿಲ್ಲ, ತಾನಾಗಿ ಆ ಮನೆಗೆ ಹೋಗುವುದೂ ಇಲ್ಲ ಎಂದುಬಿಟ್ಟಳು.

ರಘೋತ್ತಮನು ಮತ್ತೆ ನನ್ನ ಬಳಿಗೆ ಬಂದನು. ಗಡ್ಡ ಬೆಳೆದಿತ್ತು. "ಒಮ್ಮೆ ನನ್ನ ಸಂಗಡ ಬ್ಯಾಡಗಿಗೆ ಬರ್ರಿ, ಮಾಸ್ತರ. ನಿಮ್ಮ ಮಾತು ಕೇಳ್ತಾಳ."

"ಏನಂತ ಹೇಳ್ಲಿ?"

"ಮನಿಗೆ ಬಾ ಅಂತ. ಆ ಶಶಾಂಕ ಯಾರಂತಲೂ ಒಂದೀಟು ಕೇಳ್ರಿ."

"ಸತ್ತ ಮ್ಯಾಲೂ ಅವನ ಚಿಂತಿ ಬಿಟ್ಟಿಲ್ಲಲ್ಲೋ ನೀ!"

"ಸತ್ತವರ ಮ್ಯಾಲೆ ಮಮತಿ ಹೆಚ್ಚಾಗ್ತದ ಮಾಸ್ತರ. ಅದಽ ನನಗ ಅಂಜಿಕಿ."

ಒಂದು ರವಿವಾರ ಪ್ಯಾಸೆಂಜರ್ ಗಾಡಿಯಲ್ಲಿ ಬ್ಯಾಡಗಿಗೆ ಹೋದೆವು. ಸ್ಟೇಶನ್ನಿನಲ್ಲಿ ಇಳಿಯುತ್ತಲೇ ಇಬ್ಬರೂ ಸೀನತೊಡಗಿದೆವು; ಆ ಊರಿನ ಸ್ವಾಗತವೇ ಹಾಗೆ. ಭಾಗೀರಥೀಬಾಯಿಯವರು ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದರು. "ಬರ್ರಿ ಅಳಿಯಂದಿರ" ಎಂದರು. "ಈ ಸಲ ಯಾರ ಮ್ಯಾಲೆ ಲಾರಿ ಹಾಯಿಸಲಿಕ್ಕೆ ಬಂದೀರಿ? ನಾನಂತೂ ಮೊದಲಽ ಕಾಲು ಮುರಕೊಂಡೀನಿ."

ನಲಿನಿಯು ಹಿತ್ತಿಲಲ್ಲಿ ಇದ್ದಳು. ಶೆಡ್ಡಿನ ಹೆಂಗಸರೊಡನೆ ಕುಳಿತು ತಾನೂ ತೊಟ್ಟು ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ನಮಸ್ಕರಿಸಿದಳು; ಗಂಡನ ಕಡೆಗೆ ನೋಡಲಿಲ್ಲ.

ಫಕ್ಕೀರವ್ವನು ಅವನನ್ನು ಕೆಳಗಿನಿಂದ ಮೇಲಿನವರೆಗೆ ಅಳೆದಳು. "ಇವರಽ ಏನವಾ ಕೊಂದವರು?"

"ಹೂಂ" ಎಂದಳು ನಲಿನಿ.

"ನೋಡಾಕ ಬಡಪಾಯಿ ಇದ್ದಂಗ ಕಾಣ್ತಾರಲ್ಲ!" ಎಂದಳು ಸಕೀನಾಬಿ.

"ಬಡಪಾಯಿಗೋಳ ಕೈನಽ ಮುಂದಿರತೈತಿ ಇಂತಾದ್ರಾಗ" ಎಂದಳು ಫಕ್ಕೀರವ್ವ.

ರಘೋತ್ತಮನು ಎಲ್ಲರ ಮುಂದೆ, "ನಲಿನಿ, ತಪ್ಪಾತು" ಎಂದನು.

ಅವಳು ತಲೆ ಎತ್ತದೆ ಉತ್ತರಿಸಿದಳು. "ತಪ್ಪು ಒಪ್ಪೂ ಆಮ್ಯಾಲೆ. ಮೊದಲು ಅವನ್ನ ಎಬ್ಬಸ್ರಿ. ಇವರು ವಾರ ವಾರ ಕಾದಾರ. ನಾನು ಕೈ ಹಚ್ಚೂದಿಲ್ಲ. ಕೊಂದವರು ನೀವು, ಬದುಕಿಸೋರೂ ನೀವಽ."

"ಇಲ್ಲೇ?"

"ಇಲ್ಲೇ. ಇವರು ಒಪ್ಪಬೇಕು. ಇವರು ಒಪ್ಪಿದರ ನಾ ಮುಂದಿನ ಮಾತು ಆಡ್ತೀನಿ."

ಅವನು ನನ್ನ ಮುಖ ನೋಡಿದನು. ನಾನು ಬೇರೆ ಕಡೆ ನೋಡಿದೆನು. ಪರೀಕ್ಷೆಯ ಕೊಠಡಿಯಲ್ಲಿ ಉತ್ತರ ಹೇಳಿಕೊಡುವ ಅಭ್ಯಾಸವು ನನಗಿಲ್ಲ. ಖಾಲಿ ಚೀಲವೊಂದರ ಮೇಲೆ ಕುಳಿತು ಅವನು ಆರಂಭಿಸಿದನು.

"ಸದರಿ ಶಶಾಂಕನು..."

ಶೆಡ್ಡೆಲ್ಲ ನಕ್ಕಿತು. "ಏ, ಸದರಿ ತಗೀರಿ ಮೊದಲ!"

"ಶಶಾಂಕನು ಆ ದಿವಸ ಸ್ಕೂಟರಿನ ಮ್ಯಾಲೆ ಇರಲೇ ಇಲ್ಲ. ಸ್ಕೂಟರನ್ನು ಒಬ್ಬ ಕಳ್ಳನು ಕದ್ದುಕೊಂಡು ಹೊಂಟಿದ್ದನು. ಲಾರಿಗೆ ಸಿಕ್ಕು ಸತ್ತವನು ಅವನು. ಪೊಲೀಸರು ಸ್ಕೂಟರಿನ ನಂಬರು ನೋಡಿ ಶಶಾಂಕನೇ ಸತ್ತನೆಂದು ಪಂಚನಾಮೆ ಬರೆದರು."

ಕೋರ್ಟಿನ ಮರದ ಕೆಳಗೆ ಕುಳಿತವನಿಗೆ ಅಲ್ಲದೆ ಯಾರಿಗೆ ಹೊಳೆಯಬೇಕು ಇದು! ನಾನು ಮನಸ್ಸಿನಲ್ಲಿಯೇ ಭಲೆ ಎಂದೆನು. ಆದರೆ ಫಕ್ಕೀರವ್ವನ ಮುಖವು ಗಂಟಿಕ್ಕಿತು.

"ಆ ಕಳ್ಳಗ ಹೇಣ್ತಿ ಇರೂದಿಲ್ಲೇನ್ರೀ?"

"ಅಂ?"

"ಒಬ್ಬಾಕಿ ನಗಬೇಕಂದ್ರ ಇನ್ನೊಬ್ಬಾಕಿ ಕುಂಕುಮ ಒರಸ್ತೀರೇನು? ಅಂತಾ ಕತಿ ನಮಗ ಬ್ಯಾಡ."

"ಪಂಚನಾಮೆ ಒಳಗ 'ಮೃತ' ಅಂತ ಬಂದುಬಿಟ್ಟದಲ್ಲವಾ!"

"ಬರದಾವರು ನೀವಽ. ಅಳಸ್ರಿ."

ಸಾಕಷ್ಟು ವಾದವಾಯಿತು. ಕೊನೆಗೆ ಕಳ್ಳನ ಒಂದು ಕಾಲು ಮುರಿಯಬಹುದೆಂದು ಹೆಂಗಸರು ಒಪ್ಪಿಗೆ ಕೊಟ್ಟರು. "ಮುರೀಲಿ, ಆದರ ಕೂಡ್ಲಿ" ಎಂದು ಒಳಗಿನಿಂದ ಭಾಗೀರಥೀಬಾಯಿಯವರು ಕೂಗಿ ಹೇಳಿದರು. ದವಾಖಾನೆಯ ಗದ್ದಲದಲ್ಲಿ ಸತ್ತನೆಂದು ಸುದ್ದಿ ಹಬ್ಬಿತು, ಪಂಚನಾಮೆಯನ್ನು ಪೊಲೀಸರೇ ರದ್ದುಪಡಿಸಿದರು ಎಂದಾಯಿತು.

"ಅಂತೂ ಶಶಾಂಕನು ಬದುಕಿದನು. ವಾಸಂತಿಯ ಮನಿ ಕಡೆ ಹೊಂಟನು. ಬಾಗಲಾ ತನಕ ಬಂದನು" ಎಂದನು ರಘೋತ್ತಮ. ಅಷ್ಟಕ್ಕೆ ನಿಂತನು.

"ಬಂದು?"

"ಬಂದನು."

"ಅಯ್ಯ, ಬಂದದ್ದು ತಿಳೀತು. ಒಳಗ ಹೋಗವಲ್ಲನ್ಯಾಕ?"

ಅವನು ಕುಳಿತಿದ್ದ ಚೀಲದ ಅಂಚನ್ನು ಮಡಿಸತೊಡಗಿದನು. ಹೆಂಗಸರು ಚಟಚಟ ತೊಟ್ಟು ಮುರಿಯುತ್ತಲೇ ಕಾದರು. ಎಲ್ಲರ ಕಣ್ಣುಗಳೂ ಖಾರದ ಘಾಟಿಗೆ ನೀರಾಡುತ್ತಿದ್ದುದರಿಂದ ಅವನ ಕಣ್ಣುಗಳು ಏಕೆ ನೀರಾದವೆಂದು ಹೇಳಲು ನನಗೆ ಸಾಧ್ಯವಿಲ್ಲ.

"ನಲಿನಿ" ಎಂದನು. "ನಾ ಅವನ್ನ ಒಳಗ ಕಳಸ್ತೀನಿ. ಗುಂಡೀನೂ ಹಚ್ಚಸ್ತೀನಿ. ಆದರ ಒಂದು ಖರೇ ಹೇಳು. ಅವ ಯಾರು?"

ನಲಿನಿಯು ಮೊದಲ ಸಲ ಅವನ ಕಡೆ ನೋಡಿದಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ.

"ಎತ್ತರ ನಮ್ಮ ಸೋದರಮಾವಂದು. ಕೂದಲಾ ಎಣ್ಣಿ ಬಾಟ್ಲಿ ಮ್ಯಾಲಿನ ಚಿತ್ರದ್ದು. ಮಚ್ಚಿ ಹಿರೇಕೆರೂರ ಬಸ್ಸಿನ ಕಂಡಕ್ಟರಂದು. ಸಕ್ಕರಿ ಇಲ್ಲದ ಚಹಾ, ಆ ವಾರ ರೇಶನ್ನಿನ್ಯಾಗ ಸಕ್ಕರಿ ಸಿಗಲಿಲ್ಲ, ಅದನ್ನಽ ಬರದೆ. ಇಷ್ಟಽ ಅವ."

ರಘೋತ್ತಮನು ಬೆರಳು ಮಡಿಸುತ್ತ ಲೆಕ್ಕ ಹಾಕಿದನು. ಆ ಮೇಲೆ ಸಣ್ಣ ದನಿಯಲ್ಲಿ ಕೇಳಿದನು: "ನಂದು?"

"ನಿಮ್ಮದೇನೂ ಇಲ್ಲ."

ಆ ಮಾತಿಗೆ ಅವನ ಮುಖವು ಹೇಗಾಯಿತೆಂಬುದನ್ನು ಬರೆಯಲಾರೆ. ಫಕ್ಕೀರವ್ವನು ಕೂಡ, "ಯವ್ವಾ, ಒಂದು ಕಿವಿನಾರ ಅವರದು ಇಡಬೇಕಿತ್ತು" ಎಂದಳು.

ನಲಿನಿಯು ಮುಂದಿದ್ದ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಸಕೀನಾಬಿ, ಹೋದ ತಿಂಗಳ ಆ ಶಶಾಂಕನ ಬಗ್ಗೆ ನೀ ಏನಂದಿ, ಹೇಳು ಇವರಿಗೆ."

ಸಕೀನಾಬಿಯು ಸೆರಗನ್ನು ಬಾಯಿಗೆ ಹಿಡಿದಳು. "ಅಯ್ಯ, ಬ್ಯಾಡ್ರೀ ಬಾಯೀ, ಮಾಸ್ತರು ಅದಾರ."

"ಈಕಿ ಅಂದಳು, ಅಂತಾವ ಬಾಗಲಾಕ ಬಂದು ನಿಂತರ ಒಲಿ ಮ್ಯಾಲಿನ ರೊಟ್ಟಿ ಹೊತ್ತಿದರೂ ಹೊತ್ತಲಿ ಅಂತ. ಅದೋ ಆಕಿ ಅಂದಳು, ನಮ್ಮ ಗಂಡಗ ಒಂದು ದಿವಸ ರಜಾ ಕೊಟ್ಟೇನು ಅಂತ. ಹಾವೇರ್ಯಾಗ ವಕೀಲರ ಹೆಂಡ್ತೇರು ಏನೇನಂತಾರ ಅದನ್ನ ಇಲ್ಲಿ ಹೇಳಲಿಕ್ಕೂ ಬರೂದಿಲ್ಲ. ಊರ ಹೆಣ್ಣುಮಕ್ಕಳೆಲ್ಲ ಅವನ್ನ ತಮ್ಮ ತಮ್ಮ ಮನಿಗೆ ಕರಕೊಂಡು ಹೋಗ್ಯಾರ. ಹೋಗ್ಲಿ. ಅವ ನನಗೇನಾಗಬೇಕು? ನಿಮ್ಮನ್ನ ಬರದು, ನಿಮ್ಮನ್ನೂ ಹಿಂಗಽ ಮಂದಿ ಕೈಯಾಗ ಕೊಡಲೇನು? ನನಗ ಆಗೂದಿಲ್ಲ. ನಿಮ್ಮ ಒಂದು ಉಗುರೂ ನಾ ಯಾರಿಗೂ ಕೊಡೂದಿಲ್ಲ."

ರಘೋತ್ತಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಂದ್ರ... ನಿನಗೂ?"

"ನನಗೂ. ಹೊಟ್ಟಿಕಿಚ್ಚು ಏನು ನಿಮಗೊಬ್ಬರಿಗಽ ಗುತ್ತಿಗಿ ಕೊಟ್ಟಾರೇನು?" ಎಂದವಳೇ ಅವನ ಅಂಗಿಯ ತುದಿಯ ಕಡೆಗೆ ಕೈ ಮಾಡಿದಳು. "ಗುಂಡಿ ಕಥಿನೂ ಕೇಳ್ರಿ. ಮದಿವ್ಯಾದಾಗಿಂದ ಒಂದು ಗುಂಡಿ ಹಚ್ಚಗೊಟ್ಟೀರೇನು? 'ನಾನಽ ಹಚ್ಕೋತೀನಿ' ಅಂತೀರಿ. ಎಲ್ಲ್ಯಾರ ಒಂದು ಕಡೆ ಹಚ್ಚಬೇಕಲ್ಲ ನಾನು!"

"ಈಗರ ಕೊಡ್ರಿ ಅಂಗೀನ" ಎಂದಳು ಫಕ್ಕೀರವ್ವ. "ಕತಿ ಮುಗಿಸಿ ಕೊಡ್ರಿ, ಮತ್ತ."

ಅವನು ಕಥೆಯನ್ನು ಮುಗಿಸಿದನು. ಸಲೀಸಾಗಿ ಮುಗಿಸಲಿಲ್ಲ. ಶಶಾಂಕನನ್ನು ಬಾಗಿಲಲ್ಲಿ ಬಹಳ ಹೊತ್ತು ನಿಲ್ಲಿಸಿದನು. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಎರಡು ಸಲ ಕೆಳಗಿಳಿಸಿದನು. ನಾಯಿ ಬೊಗಳಿಸಿದನು. ಪಕ್ಕದ ಮನೆಯ ಮುದುಕಿಯನ್ನು ಹೊರಗೆ ತಂದು ಇಲ್ಲದ ಪ್ರಶ್ನೆ ಕೇಳಿಸಿದನು. ಒಬ್ಬ ಗಂಡಸು ಇನ್ನೊಬ್ಬನಿಗೆ ಸುಖವನ್ನು ಕೊಡಲಾರದೆ ಕೊಡುವ ರೀತಿ ಅದು. ಹೆಂಗಸರ ಕೈಗಳು ರಾಶಿಯ ಮೇಲೆಯೇ ನಿಂತುಬಿಟ್ಟವು. ಕೊನೆಗೆ ವಾಸಂತಿಯು ಬಾಗಿಲು ತೆರೆದಾಗ ಶೆಡ್ಡಿನಲ್ಲಿ ಎಲ್ಲರೂ ಒಮ್ಮೆಲೇ ಉಸಿರು ಬಿಟ್ಟರು. ನಲಿನಿಯು ಮಾತ್ರ ಹಣೆ ಸುಕ್ಕಿಸಿಕೊಂಡು ಕೇಳುತ್ತಿದ್ದಳು, ತನಗೆ ಬಾರದ ಹೊಲಿಗೆಯನ್ನು ಬೇರೆಯವರ ಕೈಯಲ್ಲಿ ನೋಡುವವಳಂತೆ.

ಪತ್ರಿಕೆಯವರು ಆ ಕಂತನ್ನು ಹಿಗ್ಗಿನಿಂದಲೇ ಹಾಕಿದರು; ಸತ್ತ ನಾಯಕನು ಬದುಕಿ ಬಂದದ್ದಕ್ಕೆ ಓದುಗರು ಅವರಿಗೆ ಚೀಲಗಟ್ಟಲೆ ಕಾಗದ ಬರೆದರಂತೆ. ನಲಿನಿಯು ಹಾವೇರಿಗೆ ಮರಳಿದಳು; ಅಂದಿನಿಂದ ಆ ಮನೆಯಲ್ಲಿ ಒಂದು ಪದ್ಧತಿ ಬಿದ್ದಿತು. ಕಾದಂಬರಿ ಪೂರ್ತಿ ನಲಿನಿಯದು, ಕೊನೆಯ ಅಧ್ಯಾಯ ಮಾತ್ರ ರಘೋತ್ತಮನದು. ಹೀಗೇಕೆಂದು ನಾನೊಮ್ಮೆ ಅವಳನ್ನು ಕೇಳಿದೆನು.

"ನಾ ಬರದರ ಲಗೂನ ಕೊಟ್ಟುಬಿಡ್ತೀನಿ, ಸರ್. ನನ್ನ ಕೈ ಸಡಲ. ಇವರಿಗೆ ಆ ಹೀರೋನ ಕಂಡರ ಆಗೂದಿಲ್ಲ. ಹಿಡಿದು ಹಿಡಿದು, ಒಲ್ಲೆ ಒಲ್ಲೆ ಅಂತ ಕೊಡ್ತಾರ. ಓದೋರಿಗೆ ಅದಽ ಹೊಟ್ಟಿ ತುಂಬತದ."

ನಲವತ್ತು ವರ್ಷ ಭಾಷೆ ಕಲಿಸಿದ ನನಗೆ ಸುಖಾಂತದ ವಿಷಯವಾಗಿ ಇದಕ್ಕಿಂತ ಹೆಚ್ಚಿನದನ್ನು ಸೇರಿಸಲು ತೋಚಲಿಲ್ಲ.

ಹೊಟ್ಟೆಕಿಚ್ಚು ಹೋಯಿತೆಂದು ಮಾತ್ರ ಯಾರೂ ತಿಳಿಯಬಾರದು. ಅದು ಬೇರು ಬಿಟ್ಟ ಗಿಡ. ಒಬ್ಬ ನಾಯಕನು ಎಂಜಿನಿಯರನಾದಾಗ ರಘೋತ್ತಮನು ಒಂದು ತಿಂಗಳು ಲೋಕೋಪಯೋಗಿ ಇಲಾಖೆಯ ರಸ್ತೆಗಳನ್ನೆಲ್ಲ ಬೈದನು. ಇನ್ನೊಬ್ಬನು ಹಾಡುಗಾರನೆಂದು ತಿಳಿದ ದಿನ ರೇಡಿಯೋದ ಕಿವಿ ತಿರುವಿ ಬಂದ್ ಮಾಡಿದನು. ನಲಿನಿಯೂ ಕಡಿಮೆಯವಳಲ್ಲ. ಗಂಡನ ಕೊನೆಯ ಅಧ್ಯಾಯಗಳನ್ನು ಮೆಚ್ಚಿ ಧಾರವಾಡದ ಓದುಗಿಯೊಬ್ಬಳು ಮನೆಗೇ ಬಂದಾಗ, ಬೆರಳಿಗೆ ಗಾಯವಾಗಿದೆ, ಇವರು ಮಾತಾಡುವ ಸ್ಥಿತಿಯಲ್ಲಿ ಇಲ್ಲವೆಂದು ಹೇಳಿ ಚಹಾ ಕುಡಿಸಿ ಕಳಿಸಿಬಿಟ್ಟಳಂತೆ. ಬೆರಳಿಗೂ ಬಾಯಿಗೂ ಏನು ಸಂಬಂಧವೆಂದು ಆ ಹೆಂಗಸು ಕೇಳಲಿಲ್ಲ.

ಹಾವೇರಿಯು ಈಗ ಜಿಲ್ಲೆಯಾಗಿದೆ. ಕೋರ್ಟಿನ ಮುಂದೆ ವಾಹನಗಳ ಗದ್ದಲ. ಎದುರಿನ ಸಾಲಿನಲ್ಲಿ ಕಂಪ್ಯೂಟರಿನ ಎರಡು ಅಂಗಡಿಗಳು ಬಂದಿವೆ. ಕೃಷ್ಣಾಜಿಯ ಮಗನು ಅವುಗಳಲ್ಲಿ ಒಂದರ ಮಾಲೀಕ. ರಘೋತ್ತಮನ ಮೇಜಿಗೆ ಅರ್ಜಿಗಳು ಬರುವುದು ಕಡಿಮೆಯಾಗಿದೆ. ಅದರಿಂದ ಅವನಿಗೆ ಅನುಕೂಲವೇ ಆಗಿದೆ. ಈಗ ಹಗಲಿನಲ್ಲಿಯೂ ಬೇವಿನ ಮರದ ಕೆಳಗೆ ಹೆಂಡತಿಯ ಕಾದಂಬರಿಯ ಕೆಲಸವನ್ನೇ ಮಾಡುತ್ತಾನೆ. ಕೂದಲು ನರೆತಿದೆ, ಕನ್ನಡಕ ಬಂದಿದೆ.

ಕಳೆದ ವಾರ ಪೆನ್ಶನ್ನಿನ ಕೆಲಸಕ್ಕೆ ಹೋದವನು ಅವನ ಬಳಿ ಸ್ವಲ್ಪ ಹೊತ್ತು ಕುಳಿತೆನು. ಹೊಸ ಕಾದಂಬರಿಯ ಕೊನೆ ನಡೆದಿತ್ತು. ಈ ಸಲದ ನಾಯಕನು ಡಾಕ್ಟರು. ನಾಯಿಕೆಯು ಬೆಂಗಳೂರಿನ ಗಾಡಿಯಲ್ಲಿ ಬರುವವಳಿದ್ದಾಳೆ. ಇವನು ಅವಳಿಗಾಗಿ ಪ್ಲ್ಯಾಟ್‌ಫಾರ್ಮಿನ ಮೇಲೆ ಕಾಯುತ್ತಿದ್ದಾನೆ. ಮೂರು ಕಂತು ಮುಗಿದಿದ್ದರೂ ಗಾಡಿಯ ಸುಳಿವಿಲ್ಲ. ನನ್ನ ಹೆಂಡತಿಯು ಮನೆಯಲ್ಲಿ ಅದೇ ಚಿಂತೆಯಲ್ಲಿ ಇದ್ದಾಳೆಂದು ಹೇಳಿದೆನು. "ಲಗೂ ತರಸೋ ಮಾರಾಯ ಆ ಗಾಡೀನ. ಪಾಪ, ಎಷ್ಟು ದಿವಸ ಆತು ಅವ ನಿಂತು."

ರಘೋತ್ತಮನು ಟೈಪು ಮಾಡುವುದನ್ನು ನಿಲ್ಲಿಸಿ, ಕನ್ನಡಕವನ್ನು ಮೇಲಕ್ಕೆ ಸರಿಸಿ, ಮಷೀನಿನಲ್ಲಿದ್ದ ಹಾಳೆಯನ್ನು ಓರೆಗಣ್ಣಿನಿಂದ ನೋಡಿದನು.

"ನಿಲ್ಲಲಿ ಬಿಡ್ರಿ ಮಾಸ್ತರ ಇನ್ನೊಂದೀಟು" ಎಂದನು. "ಈಕಿ ಈ ಸಲ ಅವಗ ಕಣ್ಣು ಬಾಳ ಚಂದ ಕೊಟ್ಟಾಳ."